ಜೇವರ್ಗಿ ದಾರಿಯಲ್ಲಿ ಗಾಲಿಯ ಸಪ್ಪಳ

ನೀವು ಎಂದಾದರೂ ಕಲಬುರಗಿಯಿಂದ ಜೇವರ್ಗಿಗೆ ಹೋಗಿದ್ದೀರಾ? ಸುಮಾರು ನಲವತ್ತು ಕಿಲೋಮೀಟರಿನ ದಾರಿ. ಪಟ್ಟಣದ ಗದ್ದಲ ಹಿಂದಾಗುತ್ತಲೇ ಎರಡೂ ಬದಿಗೆ ಕಪ್ಪು ಎರೆ ಭೂಮಿ ತೆರೆದುಕೊಳ್ಳುತ್ತದೆ. ನವೆಂಬರ್ ತಿಂಗಳಲ್ಲಿ ಹೋದರೆ ತೊಗರಿ ಹಳದಿ ಹೂವಿನಿಂದ ತುಂಬಿರುತ್ತದೆ, ನಡುನಡುವೆ ಹತ್ತಿ ಬೆಳ್ಳಗೆ ಒಡೆದು ನಿಂತಿರುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಈ ಬೇಳೆಯ ರುಚಿ ತಿಳಿಯಲು ನಮ್ಮ ಅಮ್ಮಂದಿರಿಗೆ ಯಾರ ಮಾನ್ಯತೆಯೂ ಬೇಕಿರಲಿಲ್ಲ. ಖಟ್ಟಿ ದಾಲ್ ಕುದಿಯುವ ವಾಸನೆಯಲ್ಲೇ ಅದು ಯಾವ ಸೀಮೆಯ ಬೇಳೆ ಎಂದು ಅವರು ಹೇಳಿಬಿಡುತ್ತಿದ್ದರು.

ಜೇವರ್ಗಿ ನನ್ನ ತವರು. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆದರೆ ಕಳೆದ ನವೆಂಬರಿನ ಒಂದು ಮಧ್ಯಾಹ್ನದ ಪ್ರಯಾಣವನ್ನು ನಿಮಗೆ ಹೇಳಲೇಬೇಕು. ಏಕೆಂದರೆ ಅಂದು ನಾನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ದಾರಿ ನೋಡಿದೆ.

ನನ್ನ ತಮ್ಮನ ಬಳಿ ಒಂದು ಹಳೆಯ ಪಿಕಪ್ ಗಾಡಿ ಇದೆ. ಹತ್ತಿ, ತೊಗರಿ, ಸಿಮೆಂಟ್, ಮದುವೆಯ ಪಾತ್ರೆ, ಬಕ್ರೀದ್ ಸಮಯದಲ್ಲಿ ಆಡು, ಯಾವುದು ಸಿಕ್ಕರೂ ಹೊರುತ್ತದೆ. ಆ ಗಾಡಿಯ ಮೇಲೆಯೇ ಅವನ ಐದು ಮಂದಿಯ ಸಂಸಾರ ನಡೆಯುತ್ತದೆ. ಅಂದು ಅವನು ಕಲಬುರಗಿಯಲ್ಲಿ ಸರಕು ಇಳಿಸಿ ಬರಿಗಾಡಿಯಲ್ಲಿ ಊರಿಗೆ ಮರಳುವವನಿದ್ದ. ಎರಡು ದಿನ ಬಿಟ್ಟು ನಮ್ಮ ಚಾಚಾನ ಮಗಳ ನಿಕಾಹ್. ನೆಲೋಗಿಯ ಆಚೆ, ವಿಜಯಪುರ ರಸ್ತೆಯ ಕಡೆಗಿರುವ ಒಂದು ಹಳ್ಳಿಯಲ್ಲಿ. "ಆಪಾ, ಬಸ್ ಯಾಕ? ನನ್ನ ಗಾಡಿನಾಗೇ ಬಂದುಬಿಡು" ಎಂದ. ಮದರಸಾಕ್ಕೆ ಮೂರು ದಿನ ರಜೆ ಹಾಕಿ, ಎರಡು ಚೀಲ ಹಿಡಿದು ಅವನ ಎಡಬದಿಯ ಸೀಟಿನಲ್ಲಿ ಕುಳಿತೆ. ಪ್ರಯಾಣದ ದುಆ ಓದಿಕೊಂಡೆ. ಗಾಡಿ ಹೊರಟಿತು.

ಫರಹತಾಬಾದ್ ತಲುಪುವ ಹೊತ್ತಿಗೆ ನನ್ನ ಕಿವಿಗೆ ಒಂದು ಸಪ್ಪಳ ಬೀಳತೊಡಗಿತು. ಕಾಲಿನ ಕೆಳಗಿನಿಂದ, ದೂರದ ಹಿಟ್ಟಿನ ಗಿರಣಿಯ ಹಾಗೆ, ಗುಂಯ್ ಎಂದು. ಗಾಡಿ ವೇಗ ಹಿಡಿದರೆ ಅದೂ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ತಮ್ಮನಿಗೆ ಹೇಳಿದೆ. ಅವನು ನಕ್ಕ. "ಹಳೇ ಗಾಡಿ ಅದ ಆಪಾ, ಸಪ್ಪಳ ಮಾಡದೇ ಇರ್ತದೇನು? ಟೈರಿಂದು ಇರಬೇಕು ಬಿಡು."

ನನಗೆ ಸಮಾಧಾನವಾಗಲಿಲ್ಲ. ನಾನು ಗಾಡಿಯ ವಿದ್ಯೆ ಕಲಿತವಳಲ್ಲ. ಆದರೆ ಮಕ್ಕಳಿಗೆ ಕುರ್‌ಆನ್ ಓದಿಸುವವರಿಗೆ ಕಿವಿಯೊಂದು ಹರಿತವಾಗಿಬಿಡುತ್ತದೆ. ಇಪ್ಪತ್ತು ಮಕ್ಕಳು ಒಟ್ಟಿಗೆ ಓದುವಾಗ ಯಾವ ಮೂಲೆಯ ಮಗು ಯಾವ ಅಕ್ಷರವನ್ನು ತಪ್ಪಾಗಿ ಎಳೆಯಿತು ಎಂದು ತಿಳಿದುಬಿಡುತ್ತದೆ. ಈ ಸಪ್ಪಳವೂ ಹಾಗೆಯೇ, ಗಾಡಿಯ ಉಳಿದ ಸಪ್ಪಳಗಳ ಜೊತೆ ಸೇರದೆ ಬೇರೆಯಾಗಿ ಕೇಳುತ್ತಿತ್ತು.

"ಎಂಜಿನ್ನಿಂದು ಇರಬಹುದೇನೋ?" ಎಂದು ಕೇಳಿದೆ. ನನ್ನ ಬಾಯಿ ಮುಚ್ಚಿಸಲೆಂದೇ ಅವನು ಖಾಲಿ ರಸ್ತೆಯಲ್ಲಿ ಒಂದು ಕ್ಷಣ ಗೇರ್ ತೆಗೆದು ನ್ಯೂಟ್ರಲ್ಲಿಗೆ ಹಾಕಿದ. ಎಂಜಿನ್ನಿನ ಸದ್ದು ಇಳಿಯಿತು. ಗುಂಯ್ ಎಂಬುದು ಮಾತ್ರ ಹಾಗೆಯೇ ಇತ್ತು, ಇನ್ನೂ ಸ್ಪಷ್ಟವಾಗಿಯೇ ಕೇಳಿತು. ಎಂಜಿನ್ ಅಲ್ಲ, ಗಾಲಿಯ ಕಡೆಯದೇ ಎಂದು ಅದರಿಂದ ಗೊತ್ತಾಯಿತು. ತಮ್ಮನ ಮುಖದ ನಗು ಸ್ವಲ್ಪ ಕಡಿಮೆಯಾಯಿತು.

ಅಷ್ಟರಲ್ಲಿ ಫಿರೋಜಾಬಾದಿಗೆ ಒಳದಾರಿ ಹೋಗುವ ಕಡೆ ಬಂದೆವು. ಓದುಗ ಸಹೋದರಿಯರೇ, ಇಲ್ಲಿ ನಿಮ್ಮನ್ನು ಒಂದು ನಿಮಿಷ ನಿಲ್ಲಿಸುತ್ತೇನೆ. ಈ ಹೆಸರು ನಮ್ಮ ಮಕ್ಕಳಿಗೇ ಗೊತ್ತಿಲ್ಲ. ಬಹಮನಿ ಸುಲ್ತಾನ ಫಿರೋಜ್ ಷಾ 1397ರಿಂದ 1422ರವರೆಗೆ ಕಲಬುರಗಿಯಿಂದ ಆಳಿದವನು. 1400ರ ಸುಮಾರಿಗೆ ಭೀಮಾ ನದಿಯ ತಿರುವಿನಲ್ಲಿ ತನ್ನ ಹೆಸರಿನಲ್ಲೇ ಒಂದು ಅರಮನೆಯ ಪಟ್ಟಣ ಕಟ್ಟಿಸಿದ. ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆ ಹೊಳೆಯೇ ಕಾವಲು. ದೊಡ್ಡದೊಂದು ಜಾಮಿಯಾ ಮಸೀದಿ, ಗುಮ್ಮಟಗಳಿರುವ ಹಮ್ಮಾಮು, ಅರಮನೆಯ ಗೋಡೆಗಳು ಎಲ್ಲವೂ ಪಾಳುಬಿದ್ದು ನಿಂತಿವೆ. ಹಜರತ್ ಖ್ವಾಜಾ ಬಂದೇನವಾಜ್‌ರವರು ದೆಹಲಿ ಬಿಟ್ಟು ಕಲಬುರಗಿಗೆ ಬಂದುದು ಇದೇ ಸುಲ್ತಾನನ ಕಾಲದಲ್ಲಿ. ಇಬ್ಬರೂ ತೀರಿಕೊಂಡದ್ದು 1422ರಲ್ಲೇ. ಸುಲ್ತಾನನ ಪಟ್ಟಣದ ಸುತ್ತ ಇಂದು ಹೊಲಗಳಿವೆ. ಖ್ವಾಜಾರ ದರ್ಗಾಕ್ಕೆ ಇಂದಿಗೂ ದಿನನಿತ್ಯ ಜನ ಬರುತ್ತಾರೆ. ಬಿ.ಎ. ಓದುವಾಗ ಇತಿಹಾಸದ ಪುಸ್ತಕದಲ್ಲಿ ಈ ಇಸವಿಗಳನ್ನು ಬಾಯಿಪಾಠ ಮಾಡಿದ್ದೆ. ಪರೀಕ್ಷೆ ಮುಗಿದ ಎಷ್ಟೋ ವರ್ಷಗಳ ಮೇಲೆ ಒಮ್ಮೆ ಅಲ್ಲಿಗೆ ಹೋಗಿ ಆ ಗೋಡೆ ಮುಟ್ಟಿದಾಗಲೇ ಅವು ನಿಜವಾದ ಇಸವಿಗಳೆನಿಸಿದವು. ಮಕ್ಕಳ ರಜೆಯಲ್ಲಿ ದೂರದ ಊರು ಯೋಚಿಸುವ ಮೊದಲು ಇಲ್ಲಿಗೊಮ್ಮೆ ಕರೆದುಕೊಂಡು ಹೋಗಿ. ನೀರು, ಬುತ್ತಿ ಜೊತೆಗಿರಲಿ.

ನಾವಂತೂ ಅಂದು ಒಳಗೆ ಹೋಗಲಿಲ್ಲ. ಗಾಲಿಯ ಚಿಂತೆ ಹತ್ತಿತ್ತು.

ಮುಂದೆ ರಸ್ತೆ ಬಲಕ್ಕೆ ಹೊರಳಿದ ಒಂದು ಕಡೆ ಸಪ್ಪಳ ಜೋರಾಯಿತು. ಮತ್ತೆ ಎಡಕ್ಕೆ ಹೊರಳಿದಾಗ ಬಹುಮಟ್ಟಿಗೆ ಅಡಗಿತು. ಇದನ್ನು ಇಬ್ಬರೂ ಗಮನಿಸಿದೆವು. ತಮ್ಮ ಈಗ ಸುಮ್ಮನಾದ. ಬಸ್ಸು ಬಲಕ್ಕೆ ತಿರುಗುವಾಗ ಮಡಿಲಲ್ಲಿ ಮಗು ಇಟ್ಟುಕೊಂಡು ಕುಳಿತ ನಾವೆಲ್ಲ ಎಡಕ್ಕೆ ವಾಲುತ್ತೇವಲ್ಲ, ಗಾಡಿಯ ಭಾರವೂ ಹಾಗೆಯೇ ಎಡಗಡೆಯ ಗಾಲಿಗಳ ಮೇಲೆ ಬೀಳುತ್ತದೆ. ಭಾರ ಬಿದ್ದಾಗ ನರಳುವ ಗಾಲಿಯೇ ನೋವಿರುವ ಗಾಲಿ. ಅಂದರೆ ತೊಂದರೆ ಎಡಗಡೆಗಿದೆ, ನಾನು ಕುಳಿತ ಕಡೆಗೆ.

ಕಟ್ಟಿಸಂಗಾವಿಯ ಬಳಿ ಭೀಮಾ ಸೇತುವೆ ಬಂತು. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿದ ಹೊಳೆ ಇದು. ನವೆಂಬರಿನಲ್ಲಿ ಎಷ್ಟು ಸಾಧುವಾಗಿ ಕಾಣುತ್ತದೆಯೆಂದರೆ, 2020ರ ಅಕ್ಟೋಬರಿನಲ್ಲಿ ಮಳೆಯ ನೀರಿಗೆ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳನ್ನು ಮುಳುಗಿಸಿದ್ದು ಇದೇ ಹೊಳೆ ಎಂದರೆ ನೀವು ನಂಬಲಿಕ್ಕಿಲ್ಲ. ಸೇತುವೆಯ ಮೇಲೆ ಕಿಟಕಿಯ ಗಾಜು ಇಳಿಸಿದೆ. ಪಕ್ಕದ ಗೋಡೆಗೆ ಬಡಿದು ಮರಳುವ ಸದ್ದು ಚೆನ್ನಾಗಿ ಕೇಳುತ್ತದೆ. ಟೈರಿನ ಸಪ್ಪಳವಾಗಿದ್ದರೆ ಡಾಂಬರಿನ ಮೇಲೆ ಒಂದು ಬಗೆ, ಸಿಮೆಂಟಿನ ಮೇಲೆ ಇನ್ನೊಂದು ಬಗೆ, ನೆಲ ಬದಲಾದಂತೆ ರಾಗ ಬದಲಾಗಬೇಕು. ಇದು ಬದಲಾಗಲಿಲ್ಲ.

ಸೇತುವೆ ದಾಟಿದ ಕೂಡಲೇ ತಮ್ಮ ಗಾಡಿಯನ್ನು ರಸ್ತೆಯ ಅಂಚಿಗೆ ಎಳೆಯಹೊರಟ. "ಇಲ್ಲಿ ಬೇಡ" ಎಂದೆ. ನನ್ನ ಮನಸ್ಸಿನಲ್ಲಿ 2025ರ ಏಪ್ರಿಲ್ 5ರ ನಸುಕು ಇತ್ತು. ಬಾಗಲಕೋಟೆ ಜಿಲ್ಲೆಯಿಂದ ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದವರ ವ್ಯಾನು ನಮ್ಮ ತಾಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ ಐವರು ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಈ ಹೆದ್ದಾರಿಗೆ ಮೊದಲು 218 ಎಂಬ ಸಂಖ್ಯೆ ಇತ್ತು, ಈಗ 50. ಸಂಖ್ಯೆ ಯಾವುದಾದರೇನು, ಓಡುವ ಗಾಡಿಗಿಂತ ಒಮ್ಮೊಮ್ಮೆ ನಿಂತ ಗಾಡಿಯೇ ಹೆಚ್ಚು ಅಪಾಯ. ಗಾಡಿ ಕೆಟ್ಟಿತೆಂದು ತೋರಿದಾಗ ಎಲ್ಲಿ ನಿಲ್ಲಬೇಕೆಂಬುದನ್ನೂ ಯೋಚಿಸಬೇಕಾಗುತ್ತದೆ. ಮೂವತ್ತರ ವೇಗದಲ್ಲಿ ಮೆಲ್ಲಗೆ ಹೋಗಿ, ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ನಿಲ್ಲಿಸಿದೆವು.

ತಮ್ಮ ಗಾಲಿಗಳ ಹಿಂದೆ ಎರಡು ಕಲ್ಲು ಕೊಟ್ಟು ಕೆಳಗೆ ಬಗ್ಗಿದ. ನಾನು ಬಾಟಲಿಯ ನೀರನ್ನು ಅಂಗೈಯಲ್ಲಿ ತೆಗೆದು ಎಡಗಡೆಯ ಮುಂದಿನ ಗಾಲಿಯ ನಡುವಿನ ಹಬ್ ಮೇಲೆ ನಾಲ್ಕು ಹನಿ ಚಿಮುಕಿಸಿದೆ. ತವೆಯ ಮೇಲೆ ಬಿದ್ದ ಹಾಗೆ ಚುರ್ ಎಂದಿತು. ಬಲಗಡೆಯ ಹಬ್ ಮೇಲೆ ಚಿಮುಕಿಸಿದೆ, ಸುಮ್ಮನೆ ಹರಿದುಹೋಯಿತು. ಬ್ರೇಕ್ ಹಾಕುವುದರಿಂದ ಗಾಲಿ ಸ್ವಲ್ಪ ಬಿಸಿಯಾಗುವುದು ಸಹಜ. ಆದರೆ ಒಂದು ಬಿಸಿ, ಅದರ ಜೋಡಿ ತಣ್ಣಗೆ ಎಂದರೆ ಸಹಜವಲ್ಲ. ಜ್ವರ ನೋಡುವಾಗ ಮಗುವಿನ ಹಣೆಯನ್ನೂ ನಮ್ಮ ಹಣೆಯನ್ನೂ ಮುಟ್ಟಿ ನೋಡುತ್ತೇವಲ್ಲ, ಹಾಗೆ. (ಬರಿಗೈಯಿಂದ ಮಾತ್ರ ಮುಟ್ಟಬೇಡಿ, ಬೆರಳು ಸುಡುತ್ತದೆ.)

ಹೊರಡುವಾಗ ತಮ್ಮ ಎಲ್ಲ ಚಾಲಕರ ಹಾಗೆ ಕಲ್ಲುಗಳನ್ನು ಅಲ್ಲೇ ಬಿಟ್ಟು ಗಾಡಿ ಹತ್ತಿದ. ಇಳಿದು ಎತ್ತಿ ಬದಿಗಿಡಿಸಿದೆ. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ದಿನಾ ಮಕ್ಕಳಿಗೆ ಹೇಳುವವಳು ನಾನು, ಅವನ ಗೊಣಗಾಟಕ್ಕೆ ಕಿವಿಗೊಡಲಿಲ್ಲ.

ಜೇವರ್ಗಿ ಒಂದು ಕೂಡುದಾರಿಯ ಊರು. ಒಂದು ರಸ್ತೆ ಕಲಬುರಗಿಗೆ, ಇನ್ನೊಂದು ವಿಜಯಪುರಕ್ಕೆ, ಮತ್ತೊಂದು ಶಹಾಪುರದ ಕಡೆಗೆ. ಶಹಾಪುರದ ಕಡೆಯದು ಇಲ್ಲಿಂದಲೇ ಹುಟ್ಟಿ ದೂರದ ಚಾಮರಾಜನಗರದವರೆಗೆ ಹೋಗುವ 150ಎ ಹೆದ್ದಾರಿ. ಹೀಗಾಗಿ ಇಲ್ಲಿ ಚಹದ ಅಂಗಡಿಗಳಷ್ಟೇ ಗ್ಯಾರೇಜುಗಳೂ ಕಾಣಸಿಗುತ್ತವೆ. ಪಂಕ್ಚರಿನವರು, ವೆಲ್ಡಿಂಗಿನವರು, ಹಳೆಯ ಸಾಮಾನಿನವರು. ನಾವು ಹೋದದ್ದು ಅರವತ್ತು ದಾಟಿದ ಒಬ್ಬ ಮಿಸ್ತ್ರಿಯ ಬಳಿಗೆ. ಊರಿನವರೆಲ್ಲ ಅವರಿಗೆ ಕಾಕಾ ಎನ್ನುತ್ತಾರೆ, ನಾವೂ ಹಾಗೆಯೇ.

ಗ್ಯಾರೇಜಿನಲ್ಲಿ ಬುರ್ಖಾ ತೊಟ್ಟ ಹೆಂಗಸು ನಿಲ್ಲುವುದು ನಮ್ಮ ಕಡೆ ಅಷ್ಟು ರೂಢಿಯಿಲ್ಲ. ತಮ್ಮ "ನೀ ಮನಿಗೆ ನಡಿ ಆಪಾ, ಆಟೋ ಮಾಡಿಕೊಡ್ತೀನಿ" ಎಂದ. ಆದರೆ ಕಾಕಾ ಗಾಡಿಯ ಕಡೆ ನೋಡುವ ಮೊದಲೇ ಕೇಳಿದ ಪ್ರಶ್ನೆ: "ಸಪ್ಪಳ ಮೊದಲು ಯಾರಿಗಿ ಕೇಳ್ತು?"

ನನಗೆ ಎಂದು ತಮ್ಮ ಹೇಳಬೇಕಾಯಿತು. ಕಾಕಾ ಒಂದು ಕುರ್ಚಿ ಹಾಕಿಸಿದರು. "ಕೂಡು ತಂಗಿ. ಓಡಸೋರಿಗಿ ಕೇಳೂದಿಲ್ಲ, ಬಾಜೂಕ ಕುಂತೋರಿಗೇ ಕೇಳ್ತದ. ಹೇಳು, ಹ್ಯಾಂಗ ಬರ್ತದ?" ಎಂದರು. ನಾನು ನ್ಯೂಟ್ರಲ್ಲಿನ ಮಾತು, ತಿರುವಿನ ಮಾತು, ಸೇತುವೆಯ ಮಾತು, ನೀರಿನ ಹನಿಯ ಮಾತು ಎಲ್ಲ ಹೇಳಿದೆ. ಅವರು ನಡುನಡುವೆ ಕೇಳಿದರು. ಬ್ರೇಕ್ ಒತ್ತಿದಾಗ ಕಿರ್ ಅಂತದೋ? ಇಲ್ಲ. ಅಂದರೆ ಬ್ರೇಕಿನ ಪ್ಯಾಡ್ ಸವೆದದ್ದಲ್ಲ. ಗಾಡಿ ಎತ್ತುವಾಗ ಟಕ್ ಅಂತದೋ? ಇಲ್ಲ. ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಜೋಡಣೆ ಅಲ್ಲ. ಮೆಲ್ಲಗೆ ಹೋಗುವಾಗ ಕಟಕಟ? ಅದೂ ಇಲ್ಲ, ಹಾಗಾದರೆ ನಟ್ ಸಡಿಲವಾದದ್ದಲ್ಲ. ವೈದ್ಯರು ಹೊಟ್ಟೆ ಒತ್ತುವ ಮೊದಲು ಏನು ತಿಂದಿರಿ ಎಂದು ಕೇಳುವ ಹಾಗಿತ್ತು.

ಆಮೇಲೆ ಕೈಹಾಕಿದರು. ಮೊದಲು ಮಾಡಿದ್ದು ನಾನೆಣಿಸದ ಕೆಲಸ. ಗಾಲಿಯ ಒಳಬದಿಗೆ ಒಣಗಿ ಕಲ್ಲಾಗಿದ್ದ ಎರೆ ಮಣ್ಣನ್ನು ಟಾಮಿಯಿಂದ ಕೆತ್ತಿ ತೆಗೆದರು. ಅಂಗೈಯಗಲದ ಎರಡು ಹೆಂಟೆ ಉದುರಿದವು. ನಮ್ಮ ಸೀಮೆಯ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ರಸ್ತೆಯನ್ನೂ ಅಲೆಯಲೆಯಾಗಿ ಎಬ್ಬಿಸುತ್ತದೆ, ಗಾಲಿಗೆ ಹತ್ತಿದರೆ ಬಿಡುವುದಿಲ್ಲ. ಒಂದೇ ಬದಿಗೆ ಹೆಂಟೆ ಹತ್ತಿದರೆ ಗಾಲಿಯ ತೂಕ ಸಮವಿಲ್ಲದೆ ಗಾಡಿ ನಡುಗುತ್ತದೆ. ಎಷ್ಟೋ ಮಂದಿ ಈ ಮಣ್ಣು ಕೆತ್ತಿದರೆ ಹೋಗುವ ತೊಂದರೆಗೆ ಹೊಸ ಸಾಮಾನು ಹಾಕಿಸಿ ಹಣ ಕಳೆದುಕೊಂಡಿದ್ದಾರೆಂದು ಕಾಕಾ ಹೇಳಿದರು. ಬಳಿಕ ಟೈರಿನ ಮೇಲೆ ಅಂಗೈ ಸವರಿದರು. ತಗ್ಗುದಿಣ್ಣೆಯಾಗಿ ಸವೆದಿದ್ದರೆ ಅದೂ ಗುಂಯ್ ಎನ್ನುತ್ತದೆಯಂತೆ. ಸಮವಾಗಿಯೇ ಇತ್ತು.

ಜಾಕ್ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿದರು. ಗಾಡಿ ಜಾರದಂತೆ ಕೆಳಗೆ ಮರದ ದಿಮ್ಮಿ ಇಟ್ಟರು. ಗಾಲಿಯನ್ನು ಗಡಿಯಾರವೆಂದು ಎಣಿಸಿ, ಹನ್ನೆರಡು ಮತ್ತು ಆರು ಇರುವ ಕಡೆ ಎರಡು ಕೈಯಿಂದ ಹಿಡಿದು ಹಿಂದೆ ಮುಂದೆ ಅಲುಗಿಸಿದರು. ಟಕ್ ಟಕ್ ಎಂದು ಅಲುಗಿತು. "ಈಗ ಬ್ರೇಕ್ ಒತ್ತು" ಎಂದರು ತಮ್ಮನಿಗೆ. ಬ್ರೇಕ್ ಒತ್ತಿ ಹಿಡಿದಾಗ ಅಲುಗಾಟ ನಿಂತುಹೋಯಿತು. ಬ್ರೇಕ್ ಒತ್ತಿದ ಮೇಲೂ ಅಲುಗುತ್ತಿದ್ದರೆ ದೋಷ ಬೇರೆ ಕೀಲಿನದು. ನಿಂತಿತೆಂದರೆ ಬೇರಿಂಗಿನದು. ಕೊನೆಗೆ ಗಾಲಿಯನ್ನು ಕೈಯಿಂದ ತಿರುಗಿಸಿ, ಉದ್ದನೆಯ ಪೇಚ್‌ಕಸ್ಸಿನ ತುದಿಯನ್ನು ತಿರುಗದೆ ನಿಂತ ಭಾಗಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರು. ನನಗೂ ಕೇಳಿಸಿದರು. ಒಳಗೆ ಮರಳು ಬಿದ್ದ ಬೀಸುಕಲ್ಲಿನ ಹಾಗೆ ಗರಗರ.

ನನಗೆ ನಮ್ಮ ದಾದಾನ ಬಂಡಿ ನೆನಪಾಯಿತು. ಬಂಡಿಯ ಕೆಳಗೆ ಕೀಲೆಣ್ಣೆಯ ಬಿದಿರಿನ ಗೊಟ್ಟ ಸದಾ ತೂಗುತ್ತಿತ್ತು. ಗಾಲಿ ಕಿರುಗುಟ್ಟಿತೆಂದರೆ ದಾದಾ ಎತ್ತುಗಳನ್ನು ನಿಲ್ಲಿಸಿ, ಕಡಾಣಿ ತೆಗೆದು, ಅಚ್ಚಿಗೆ ಎಣ್ಣೆ ಸವರಿಯೇ ಮುಂದೆ ಹೊಡೆಯುತ್ತಿದ್ದರು. ಬಂಡಿ ಅಳುವಾಗ ಅದರ ಮೇಲೆ ಕೂತು ಹೋಗಬಾರದು ಎನ್ನುತ್ತಿದ್ದರು. ಮೋಟಾರು ಗಾಡಿಯ ಗಾಲಿಯೂ ಒಳಗೆ ಅಷ್ಟೇ, ಅಚ್ಚು ಮತ್ತು ಎಣ್ಣೆ. ನಡುವೆ ಬೇರಿಂಗ್ ಎಂಬುದೊಂದು ಬಂದಿದೆ. ನಮ್ಮ ಹಳೆಯ ಪಿಕಪ್‌ನಲ್ಲಿರುವಂಥ, ಒಂದು ತುದಿಗೆ ಕಿರಿದಾದ ಉರುಳೆಗಳ ಬೇರಿಂಗಿಗೆ 1898ರಲ್ಲಿ ಅಮೆರಿಕದ ಹೆನ್ರಿ ಟಿಮ್‌ಕೆನ್ ಪೇಟೆಂಟ್ ಪಡೆದ. ಅವನು ಕಾರು ಮಾಡುವವನಲ್ಲ, ಕುದುರೆಗಾಡಿ ಕಟ್ಟುವವನು! ಭಾರ ಹೊತ್ತ ಗಾಡಿ ತಿರುಗುವಾಗ ಗಾಲಿಗೆ ಬದಿಯಿಂದಲೂ ಒತ್ತಡ ಬೀಳುತ್ತದೆ. ಆ ಒತ್ತಡವನ್ನೂ ತಾಳಿಕೊಳ್ಳುವುದು ಈ ಬೇರಿಂಗಿನ ವಿಶೇಷ.

ಹಬ್ಬಿನ ಮುಚ್ಚಳ ತೆಗೆದಾಗ ಎಲ್ಲ ಬಯಲಾಯಿತು. ಜೇನಿನ ಬಣ್ಣದಲ್ಲಿರಬೇಕಾದ ಗ್ರೀಸು ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿತ್ತು. "ನೀರು ಹೊಕ್ಕದ" ಎಂದರು ಕಾಕಾ. "ಮಳಿಗಾಲದಾಗ ಹಳ್ಳ ದಾಟಸಿ ಏನು?" ತಮ್ಮ ತಲೆ ತಗ್ಗಿಸಿದ. ಅಕ್ಟೋಬರಿನಲ್ಲಿ ಹತ್ತಿ ತರಲು ಹೊಲದ ದಾರಿಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಾಲ್ಕಾರು ಸಲ ಗಾಡಿ ಹಾಯಿಸಿದ್ದನಂತೆ. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ನೀರು ಗ್ರೀಸನ್ನು ಕೆಡಿಸುತ್ತದೆ, ಉಕ್ಕಿಗೆ ತುಕ್ಕು ತರುತ್ತದೆ. ತಿಂಗಳು ಕಳೆದ ಮೇಲೆ ಸಪ್ಪಳ ಕೇಳುತ್ತದೆ, ಆಗ ಹಳ್ಳದ ನೆನಪು ಯಾರಿಗೂ ಇರುವುದಿಲ್ಲ.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ನನ್ನ ಮುಂದೆ ಹಿಡಿದರು. ತಸ್ಬೀಹಿನ ಮಣಿಗಳಂತೆ ಸುತ್ತ ಜೋಡಿಸಿದ ಪುಟ್ಟ ಪುಟ್ಟ ಉರುಳೆಗಳು. ಅವುಗಳಲ್ಲಿ ನಾಲ್ಕೈದರ ಮೈಮೇಲೆ ಸಿಡುಬಿನ ಕಲೆಯಂಥ ಕುಳಿಗಳು, ಒಂದು ಕಡೆ ಕಾವಿಗೆ ನೀಲಿಗಟ್ಟಿದ ಗುರುತು. "ಇನ್ನ ಎಷ್ಟು ದಿನ ಓಡ್ತಿತ್ತು ಕಾಕಾ?" ಎಂದು ತಮ್ಮ ಕೇಳಿದ. "ಬರಿಗಾಡಿ ಇದ್ರ ಹತ್ತು ದಿನ ಓಡ್ತಿತ್ತೋ ಏನೋ. ಮಂದಿ ತುಂಬಿದ್ರ ನಾಳೆನೇ ಹೋಗ್ತಿತ್ತೋ, ಯಾರಿಗಿ ಗೊತ್ತು. ಪೂರಾ ಹೋದ್ರ ಗಾಲಿ ಹಿಡಕೋತದ, ಇಲ್ಲಾ ಕಳಚಿಕೊಂಡು ಹೋಗ್ತದ" ಎಂದರು.

ಮಂದಿ ತುಂಬಿದರೆ ಎಂಬ ಮಾತಿಗೆ ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ನಿಕಾಹ್‌ಗೆ ಮನೆಯ ಹೆಂಗಸರು ಮಕ್ಕಳೆಲ್ಲ ಇದೇ ಪಿಕಪ್‌ನ ಹಿಂದೆ ಜಮಖಾನೆ ಹಾಸಿಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಹದಿನೆಂಟು ಮಂದಿ. ಅವರಲ್ಲಿ ಏಳು ಮಕ್ಕಳು.

ಆ ರಾತ್ರಿ ಗಾಡಿ ಗ್ಯಾರೇಜಿನಲ್ಲೇ ಉಳಿಯಿತು. ಆಟೋದಲ್ಲಿ ಮನೆ ತಲುಪಿದೆವು. ಊಟಕ್ಕೆ ಕುಳಿತಾಗ ನಾನು ಗಾಲಿಯ ಕಥೆಯೆಲ್ಲ ಹೇಳಿದೆ. ತಮ್ಮನ ಹೆಂಡತಿಯನ್ನು ನಮ್ಮಲ್ಲಿ ದುಲ್ಹನ್ ಎಂದೇ ಕರೆಯುತ್ತೇವೆ. ಅವಳು ರೊಟ್ಟಿ ಬಡಿಸುತ್ತಾ ಮೆಲ್ಲಗೆ, "ಆಪಾ, ಆ ಸಪ್ಪಳ ನನಗ ಎಂಟು ದಿನದಿಂದ ಕೇಳಿಸ್ತಿತ್ತು. ದವಾಖಾನಿಗೆ ಹೋಗುವಾಗ ಹೇಳಿದ್ದೆ" ಎಂದಳು. ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ನಿನಗೇನು ತಿಳೀತದ ಗಾಡಿದು ಎಂದು ಅಂದು ಹೇಳಿದ್ದನಂತೆ. ನಾನು ಅಕ್ಕ, ಓದಿದವಳು, ಮೂರು ದಿನಕ್ಕೆ ಬಂದ ಅತಿಥಿ. ಆದ್ದರಿಂದ ನನ್ನ ಮಾತಿಗೆ ಗಾಡಿ ಗ್ಯಾರೇಜಿಗೆ ಹೋಯಿತು. ಅದೇ ಮಾತನ್ನು ದಿನಾ ಎದುರಿಗಿರುವವಳು ಹೇಳಿದಾಗ ಹೋಗಲಿಲ್ಲ. ಸಹೋದರಿಯರೇ, ಇದು ನಮ್ಮ ಒಂದು ಮನೆಯ ಕಥೆ ಮಾತ್ರವೆಂದು ನನಗನಿಸುವುದಿಲ್ಲ. ನಾನು ಅವನಿಗೇನೂ ಅನ್ನಲಿಲ್ಲ. ಅಮ್ಮಿಯೇ ಅಂದರು, ಅದನ್ನು ಇಲ್ಲಿ ಬರೆಯುವುದು ಬೇಡ.

ಹಿಂದೆ ಮಂದಿ ಕೂಡಿಸಿಕೊಂಡು ಹೋಗುವುದರ ಬಗ್ಗೆ ಅಂದು ರಾತ್ರಿ ಬಹಳ ಹೊತ್ತು ಮಾತಾಯಿತು. ನಮ್ಮ ತಾಲೂಕಿನಲ್ಲಿ ಇದು ದಿನನಿತ್ಯದ ನೋಟ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಬೆಳಗಿನ ಬುತ್ತಿ ಹಿಡಿದು ಸರಕಿನ ಗಾಡಿಯಲ್ಲಿ ನಿಂತೇ ಹೋಗುತ್ತಾರೆ. ಮದುವೆ, ಜಾತ್ರೆ, ಉರುಸ್ ಎಲ್ಲಕ್ಕೂ ಅದೇ. ನಾನೂ ಎಷ್ಟೋ ಸಲ ಹಾಗೆಯೇ ಹೋದವಳು, ಬೇರೆಯವರನ್ನು ಬೊಟ್ಟು ಮಾಡುವ ಯೋಗ್ಯತೆ ನನಗಿಲ್ಲ. ಆದರೆ ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಸರಕಿನ ವಾಹನದಲ್ಲಿ ಸರಕಿನ ಮಾಲೀಕನೋ ಅವನ ಪ್ರತಿನಿಧಿಯೋ ಜೊತೆಗೆ ಹೋದರೆ, 1994ರ ಕಾನೂನು ತಿದ್ದುಪಡಿಯ ಪ್ರಕಾರ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿಸಿಕೊಂಡು ಹೋದ ಮಂದಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪೆನಿಗೆ ಇಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಅಂದರೆ ಅಪಘಾತವಾದರೆ ಹೊಣೆಯೆಲ್ಲ ಗಾಡಿಯ ಮಾಲೀಕನ ತಲೆಗೆ. ನಮ್ಮ ಸಂದರ್ಭದಲ್ಲಿ ಆ ಮಾಲೀಕ ನನ್ನ ತಮ್ಮ. ಅವನ ಬಳಿ ಇರುವುದು ಈ ಒಂದು ಗಾಡಿ, ಎರಡು ಕೋಣೆಯ ಮನೆ.

"ಹಾಗಾದ್ರ ಹೋಗೂದು ಹ್ಯಾಂಗ?" ಎಂದರು ಖಾಲಾ. ದುಲ್ಹನ್ ಹೇಳಿದಳು: "ಬಸ್ಸಿಗಿ ಹೋಗಮ್ರಿ. ನಮಗ ಹೆಂಗಸರಿಗಿ ರೊಕ್ಕ ಎಲ್ಲಿ ಹತ್ತತದ?" ನಿಜವೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಾಡಿನ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಗೆ ಹಣವಿಲ್ಲ. ಹದಿನೆಂಟು ಮಂದಿಯನ್ನು ಗಾಡಿಯ ಹಿಂದೆ ತುಂಬುವಾಗ ಯಾರಿಗೂ ಇದು ಹೊಳೆದಿರಲಿಲ್ಲ. ಪಿಕಪ್‌ನಲ್ಲಿ ದೇಗು, ಅಕ್ಕಿ, ಜಮಖಾನೆ, ಜಹೇಜಿನ ಪೆಟ್ಟಿಗೆ ಹೋಗುವುದೆಂದೂ ಮಂದಿ ಬಸ್ಸಿನಲ್ಲಿ ಹೋಗುವುದೆಂದೂ ತೀರ್ಮಾನವಾಯಿತು. (ಜಹೇಜಿನ ಬಗ್ಗೆ ಹೇಳಬೇಕಾದ್ದು ಬಹಳವಿದೆ, ಇನ್ನೊಮ್ಮೆ ಬರೆಯುತ್ತೇನೆ, ಇನ್‌ಶಾ ಅಲ್ಲಾಹ್.)

ಮರುದಿನ ಬೆಳಿಗ್ಗೆ ಗಾಡಿ ತರಲು ನಾನೂ ಹೋದೆ. ಈ ಸಲ ತಮ್ಮ ಬೇಡವೆನ್ನಲಿಲ್ಲ. ಕಾಕಾ ಒಳಗಿನದು ಹೊರಗಿನದು ಎರಡೂ ಬೇರಿಂಗ್, ಅವುಗಳ ಕಪ್ಪು, ಆಯಿಲ್ ಸೀಲು ಎಲ್ಲ ಹೊಸದು ತರಿಸಿದ್ದರು. ಹಳೆಯ ಕಪ್ಪಿನಲ್ಲಿ ಹೊಸ ಉರುಳೆ ಕೂರಿಸಿದರೆ ಹಳೆಯದರ ಕುಳಿಗಳು ಹೊಸದನ್ನೂ ಬೇಗ ಕೆಡಿಸುತ್ತವೆಯಂತೆ. ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು ಅದಕ್ಕೆ ಬೇರಿಂಗನ್ನು ಒತ್ತಿ ಒತ್ತಿ, ಉರುಳೆಗಳ ಸಂದಿಯಲ್ಲೆಲ್ಲ ಗ್ರೀಸು ತುಂಬುವುದನ್ನು ನೋಡುತ್ತಿದ್ದರೆ, ಕಣಕದೊಳಗೆ ಹೂರಣ ತುಂಬುವ ಕೈಗಳೇ ನೆನಪಾದವು. ಅವಸರಕ್ಕೆ ಮೇಲೆ ಮೇಲೆ ಸವರಿದರೆ ಒಳಗೆ ಬರಿದಾಗಿಯೇ ಉಳಿಯುತ್ತದೆ.

ನಟ್ ಬಿಗಿಯುವುದೇ ಎಲ್ಲಕ್ಕಿಂತ ನಾಜೂಕಿನ ಕೆಲಸ. ಗಾಲಿಯನ್ನು ತಿರುಗಿಸುತ್ತಲೇ ಪಾನಾದಿಂದ ಬಿಗಿ ಮಾಡಿದರು. ಉರುಳೆಗಳು ತಮ್ಮ ಜಾಗದಲ್ಲಿ ಕೂತ ಮೇಲೆ ಸ್ವಲ್ಪ ಸಡಿಲು ಬಿಟ್ಟರು. ಆಮೇಲೆ ಹೊಸ ಪಿನ್ನು ತೂರಿಸಿ ತುದಿ ಮಡಚಿದರು. ಸಡಿಲಾದರೆ ಗಾಲಿ ಅಲುಗುತ್ತದೆ, ಬಿಗಿಯಾದರೆ ಕಾದು ಕೆಡುತ್ತದೆ. ಹೊಸ ಹುಡುಗರು ಭದ್ರವಾಗಲೆಂ­ದು ಮೈಯೆಲ್ಲ ಶಕ್ತಿ ಹಾಕಿ ಬಿಗಿದು, ಹೊಸ ಬೇರಿಂಗನ್ನೇ ಎರಡು ದಿನಕ್ಕೆ ಸುಟ್ಟುಬಿಡುತ್ತಾರೆ ಎಂದು ನಕ್ಕರು. ಇನ್ನೊಂದು ಕಡೆಯ ಗಾಲಿಯನ್ನೂ ಬಿಚ್ಚಿ ನೋಡಿದರು. ಅದೇ ಹಳ್ಳದ ನೀರು ಅದನ್ನೂ ಮುಟ್ಟಿತ್ತಲ್ಲ? ಅಲ್ಲಾಹನ ಕೃಪೆ, ಸೀಲು ಗಟ್ಟಿಯಿತ್ತು. ಹಳೆಯ ಗ್ರೀಸು ತೆಗೆದು ಹೊಸದು ತುಂಬಿದ್ದೇ ಸಾಕಾಯಿತು. ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೆ ತೋರಿಸಿಕೊಂಡು ಹೋಗಿ, ನೀರು ದಾಟಿಸಿದ ಮೇಲೆ ಗಾಲಿ ಬಿಚ್ಚಿಸಿ ನೋಡದೆ ಇರಬೇಡಿ ಎಂದರು. ಖರ್ಚೆಲ್ಲ ಸೇರಿ ತಮ್ಮನ ಮೂರು ದಿನದ ಬಾಡಿಗೆಯಷ್ಟೂ ಆಗಲಿಲ್ಲ.

ಹಳೆಯ ಬೇರಿಂಗನ್ನು ನಾನು ಕೇಳಿ ಪಡೆದುಕೊಂಡೆ. ಈಗ ಅದು ನನ್ನ ಮೇಜಿನ ಮೇಲಿದೆ. ಮಕ್ಕಳ ವಹಿಗಳು ಹಾರದಂತೆ ತೂಕಕ್ಕೆ ಇಟ್ಟಿದ್ದೇನೆ. ಬೆರಳಿನಿಂದ ತಿರುಗಿಸಿದರೆ ಇಂದಿಗೂ ಗರಗರ ಎನ್ನುತ್ತದೆ.

ನಿಕಾಹ್ ಸಾಂಗವಾಗಿ ನೆರವೇರಿತು. ಹೆಂಗಸರು ಮಕ್ಕಳೆಲ್ಲ ಎರಡು ಬಸ್ಸು ಹಿಡಿದು, ಕ್ರಾಸಿನಲ್ಲಿಳಿದು, ಅರ್ಧ ಕಿಲೋಮೀಟರ್ ನಡೆದು ಹೋದೆವು. ಖಾಲಾ ದಾರಿಯುದ್ದಕ್ಕೂ ಮೊಣಕಾಲು ನೋವೆಂದು ನನ್ನನ್ನೇ ಬೈದರು. ಮದುವೆಮನೆಯಲ್ಲಿ ಬಿರಿಯಾನಿ ಬಂದ ಮೇಲೆ ಮರೆತರು.

ನಾನು ಕಲಬುರಗಿಗೆ ಮರಳುವ ದಿನ ತಮ್ಮನೇ ಬಿಡಲು ಬಂದ. ದುಲ್ಹನಿಗೆ ಅಂಗಡಿಯಲ್ಲಿ ಕೆಲಸವಿತ್ತು, ಅವಳೂ ಬಂದಳು. ಮುಂದಿನ ಸೀಟಿನಲ್ಲಿ ಅವಳು ಕಿಟಕಿಯ ಬದಿಗೆ, ನಾನು ನಡುವೆ. ಭೀಮಾ ಸೇತುವೆಯ ಮೇಲೆ ಗಾಜು ಇಳಿಸಿ ಮೂವರೂ ಸುಮ್ಮನೆ ಕುಳಿತೆವು. ಹೊಳೆಯ ಗಾಳಿ, ಎಂಜಿನ್ನಿನ ಸದ್ದು, ಬೇರೇನೂ ಇಲ್ಲ. ತಮ್ಮ ನನ್ನ ಕಡೆ ನೋಡಲಿಲ್ಲ. ನನ್ನ ಆಚೆಗೆ ಬಗ್ಗಿ ಹೆಂಡತಿಯನ್ನು ಕೇಳಿದ:

"ಏನರೆ ಕೇಳಸ್ತದೇನು?"

ಅವಳು ಸೆರಗು ಸರಿಸಿ ಕಿವಿಗೊಟ್ಟಳು. "ಗಾಲಿದು ಇಲ್ಲ. ಆದರ ಬ್ರೇಕ್ ಒತ್ತಿದಾಗ ಹಿಂದ ಸಣ್ಣಗ ಕಿರ್ ಅಂತದ."

ಮುಂದೆ ಖಾಲಿ ರಸ್ತೆ ಸಿಕ್ಕಲ್ಲಿ ಅವನು ಒಮ್ಮೆ ಬ್ರೇಕ್ ಒತ್ತಿ ನೋಡಿದ. ಇನ್ನೊಮ್ಮೆ ಒತ್ತಿದ. "ಹೌದಲ್ಲ!" ಎಂದ. ನನ್ನನ್ನು ಮನೆಯ ಮುಂದೆ ಇಳಿಸಿ, ಚಹಕ್ಕೂ ನಿಲ್ಲದೆ, ಅಂಗಡಿಗಳು ಮುಚ್ಚುವ ಮೊದಲೇ ಬ್ರೇಕ್ ಲೈನರ್ ತರಬೇಕೆಂದು ಇಬ್ಬರೂ ಹೊರಟರು.